ಕೆಂಪು ದೀಪ ಹಸಿರಾಗದ ದಿನಗಳು

ಕುರಿಗೆ ಜ್ವರ ಬಂದಿದ್ದರೆ ಅದರ ಕಿವಿ ಮುಟ್ಟಿದರೆ ಸಾಕು, ನನಗೆ ತಿಳಿಯುತ್ತದೆ. ನನ್ನ ಸ್ಕೂಟರಿಗೆ ಏನಾಗಿದೆ ಎಂದು ತಿಳಿಯಲು ಮಾತ್ರ ಹದಿನೇಳು ದಿನ ಹಿಡಿಯಿತು. ಆ ಹದಿನೇಳು ದಿನಗಳಲ್ಲಿ ನಾನು ಜಾಣೆಯಾಗಿ ಕಂಡದ್ದು ಬಹಳ ಕಡಿಮೆ ಎಂದು ಮೊದಲೇ ಹೇಳಿಬಿಡುತ್ತೇನೆ.

ನಾನು ಚಿಗಟೇರಿ ಸುತ್ತಲಿನ ಕೆಲವು ಹಳ್ಳಿಗಳಿಗೆ ಪಶು ಸಖಿ. ಲಸಿಕೆ ಚುಚ್ಚುವವರು ಡಾಕ್ಟರು. ಪಶು ಆಸ್ಪತ್ರೆಯ ಫ್ರಿಜ್ಜಿನಿಂದ ಲಸಿಕೆಯನ್ನು ಐಸ್ ಡಬ್ಬಿಗೆ ತುಂಬಿ ಕುರಿಹಟ್ಟಿಗೆ ತಲುಪಿಸುವುದು, ಕುರಿ ಹಿಡಿಸುವುದು, ಚುಚ್ಚಿದ ಕುರಿಯ ಬೆನ್ನಿಗೆ ಬಣ್ಣ ಹಚ್ಚುವುದು, ಪುಸ್ತಕದಲ್ಲಿ ಬರೆಯುವುದು ನನ್ನ ಪಾಲಿನ ಕೆಲಸ. ಹಟ್ಟಿಗಳು ಬಸ್ಸು ಹೋಗುವ ದಾರಿಯಲ್ಲಿ ಇರುವುದಿಲ್ಲ. ಹಾಗಾಗಿ ನನ್ನ ಬ್ಯಾಟರಿ ಸ್ಕೂಟರ್ ನಿಂತರೆ ನನ್ನ ಕೆಲಸವೂ ನಿಂತಂತೆ.

ನಮ್ಮ ಯಜಮಾನರು ಭತ್ತ ಕೊಯ್ಯುವ ಮಷಿನ್ ಓಡಿಸುತ್ತಾರೆ. ಸುಗ್ಗಿ ಶುರುವಾದರೆ ಸಿರುಗುಪ್ಪದ ಕಡೆ ಹೋದವರು ತಿಂಗಳುಗಟ್ಟಲೆ ಮನೆ ಕಾಣುವುದಿಲ್ಲ. ಆಗ ಮನೆಯಲ್ಲಿ ನಾನು, ಮಾವ ಇಬ್ಬರೇ. ಮಾವ ಕುರಿ ಕಾಯುವವರು. ರಾತ್ರಿ ಮಂದೆಯ ಕಾವಲಿಗೆ ಅವರ ತಮ್ಮ ಇರುತ್ತಾರೆ. ಇವರು ನಸುಕಿನಲ್ಲೇ ಎದ್ದು ಕಂಬಳಿ ಹೆಗಲಿಗೆ ಹಾಕಿಕೊಂಡು ಹೋದರೆ ತಿರುಗಿ ಬರುವುದು ಸಂಜೆಗೆ. ಮಲಗುವುದು ಮನೆ ಮುಂದಿನ ಕಟ್ಟೆಯ ಮೇಲೆ. ಒಳಗೆ ಮಲಗಿರಿ ಎಂದರೆ ಕೇಳುವ ಜೀವವಲ್ಲ. ಕಟ್ಟೆಗೆ ಹೊಂದಿಕೊಂಡು ತಗಡಿನ ಚಪ್ಪರ, ಅದರ ಕೆಳಗೆ ನನ್ನ ಗಾಡಿ. ಚಾರ್ಜರಿನ ವೈರು ಗಿಡ್ಡ, ಆದ್ದರಿಂದ ಚಾರ್ಜರಿನ ಡಬ್ಬಿಯನ್ನು ಮಾವನ ತಲೆದಿಂಬಿನ ಆಚೆ, ಕಟ್ಟೆಯ ಮೇಲೇ ಇಡುತ್ತಿದ್ದೆ. ಚಾರ್ಜ್ ಆಗುತ್ತಿದ್ದರೆ ಡಬ್ಬಿಯ ಮೇಲೆ ಕೆಂಪು ದೀಪ, ತುಂಬಿದ ಮೇಲೆ ಹಸಿರು. ಒಳಗೊಂದು ಸಣ್ಣ ಫ್ಯಾನು ಗುರ್ ಎನ್ನುತ್ತಿರುತ್ತದೆ.

ಆ ವರ್ಷ ಚಳಿ ಜೋರಾಗಿತ್ತು. ಎಂಬತ್ತು ಕಿಲೋಮೀಟರ್ ಓಡುತ್ತಿದ್ದ ಗಾಡಿ ಎಪ್ಪತ್ತರ ಹತ್ತಿರ ಬಂದು ಸುಸ್ತಾಗತೊಡಗಿತು. ಶೋರೂಮಿನ ಮೆಕ್ಯಾನಿಕ್‌ಗೆ ಫೋನು ಮಾಡಿದೆ. "ಚಳಿಗಾಲ ಅಲ್ರೀ ಅಕ್ಕಾರ, ಚಳಿಗೆ ಬ್ಯಾಟರಿ ಸ್ವಲ್ಪ ಸೊರಗತಾವು. ಏನೂ ಆಗಂಗಿಲ್ಲ ಬಿಡ್ರಿ" ಎಂದ. ಸಂಜೆ ರೊಟ್ಟಿ ಬಡಿಯುತ್ತಾ ಮಾವನಿಗೆ ಅದನ್ನೇ ಹೇಳಿದೆ.

"ಅದಕ್ಕೂ ಚಳಿ ಆಗತೈತೇನು?" ಎಂದು ಮಾವ ತಟ್ಟೆಯಿಂದ ತಲೆ ಎತ್ತಿದರು.

"ಹೂಂ ಮಾವಾರ, ನಮ್ಮಂಗ. ನೀವು ಹೊರಗ ಮಲಗತೀರಲ್ಲ, ಅದ್ರ ಕಡಿ ಒಂದು ಕಣ್ಣಿಡ್ರಿ" ಎಂದೆ, ತಮಾಷೆಗೆ.

ಇದಾದ ಮೂರನೆಯ ಬೆಳಿಗ್ಗೆ ಗಾಡಿಯ ಕೀಲಿ ತಿರುಗಿಸಿದರೆ ಚಾರ್ಜು ಐವತ್ತೆಂಟು ತೋರಿಸಿತು. ನೂರಿರಬೇಕು. ಚಾರ್ಜರ್ ನೋಡಿದರೆ ಕೆಂಪು ದೀಪ ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು, ಮುಟ್ಟಿದರೆ ಎಂದಿನಷ್ಟೇ ಬಿಸಿ. ರಾತ್ರಿ ಎಂಟಕ್ಕೆ ಹಾಕಿದ್ದು ಬೆಳಿಗ್ಗೆ ಆರೂವರೆಗೂ ಇನ್ನೂ ಚಾರ್ಜ್ ಆಗುತ್ತಲೇ ಇದೆ ಎಂದರೆ ಏನರ್ಥ? ಕರೆಂಟು ಹೋಗಿರಬೇಕು ಎಂದುಕೊಂಡು ಹೊರಟೆ. ಮರುದಿನ ಅರವತ್ತೆರಡು. ಅದರ ಮರುದಿನ ಐವತ್ತೊಂದು.

ಕರೆಂಟಿನ ಮೇಲೆ ಅನುಮಾನ ಬಂದದ್ದಕ್ಕೆ ಒಂದು ಉಪಾಯ ಮಾಡಿದೆ. ಪೂರ್ತಿ ಖಾಲಿಯಾದ ನನ್ನ ಹಳೆಯ ಮೊಬೈಲನ್ನು ಅದೇ ಬೋರ್ಡಿಗೆ ಸಿಕ್ಕಿಸಿ ಮಲಗಿದೆ. ಬೆಳಿಗ್ಗೆ ಮೊಬೈಲು ಗಂಟಲವರೆಗೆ ತುಂಬಿತ್ತು, ಗಾಡಿ ಅರ್ಧಕ್ಕೇ ನಿಂತಿತ್ತು. ಒಂದೇ ಬೋರ್ಡು, ಒಂದೇ ಕರೆಂಟು. ಒಂದು ಉಂಡಿದೆ, ಇನ್ನೊಂದು ಉಪವಾಸ. ನನಗೆ ತಲೆಬುಡ ತಿಳಿಯಲಿಲ್ಲ.

ಬೋರ್ಡು ಬದಲಾಯಿಸಿದೆ. ಪಿನ್ನು ಸಡಿಲವಿರಬಹುದೆಂದು ಒತ್ತಿ ನೋಡಿದೆ. ಚಾರ್ಜಿಂಗ್ ಬಾಯಿಯ ಮುಚ್ಚಳ ತೆಗೆದು, ಒಳಗಿನ ಹಿತ್ತಾಳೆ ಪಿನ್ನುಗಳನ್ನು ಒಣ ಬಟ್ಟೆಯಿಂದ ಒರೆಸಿದೆ. ಕಪ್ಪಾಗಿರಲಿಲ್ಲ, ಕರಗಿರಲಿಲ್ಲ. ಇಲಿ ವೈರು ಕಡಿದಿರಬಹುದೆಂದು ಸೀಟು ಎತ್ತಿ ಟಾರ್ಚು ಬಿಟ್ಟೆ. ಇಲಿಯ ಹಿಕ್ಕೆ ಸಿಕ್ಕಿತು, ಕಡಿದ ಗುರುತು ಸಿಗಲಿಲ್ಲ. ಸುಮ್ಮನೆ ಆ ಬಡಪಾಯಿಯ ಮೇಲೆ ಎರಡು ದಿನ ಸಿಟ್ಟು ಮಾಡಿಕೊಂಡೆ.

ಮಾವನನ್ನೂ ಕೇಳಿದೆ. "ಮಾವಾರ, ಗಾಡಿ ಯಾರರ ಮುಟ್ಟತಾರೇನ್ರಿ? ರಾತ್ರಿ ಯಾರರ ಪಿನ್ನು ಕೀಳತಾರೇನು?"

"ಯಾರು ಮುಟ್ಟತಾರವ್ವಾ. ನಾ ಇಲ್ಲೇ ಇರತೀನಲ್ಲ. ಕೆಂಪು ದೀಪ ನೋಡೇ ಮಲಗೋದು ನಾನು" ಎಂದು ಹೇಳಿ ಕೆಮ್ಮಿದರು. ಆ ವಾರ ಅವರಿಗೆ ಕೆಮ್ಮು ಹಿಡಿದಿತ್ತು. ಮೆಣಸು ಕುಟ್ಟಿ ಕಷಾಯ ಮಾಡಿಕೊಡುತ್ತಿದ್ದೆ; ಕಡಿಮೆಯಾಯಿತೇ ಎಂದು ಕೇಳಿದರೆ ಆಗೈತಿ ಅನ್ನುವರು, ಮತ್ತೆ ಕೆಮ್ಮುವರು. ಗಾಡಿಯದೂ ಅದೇ ಪಾಡು, ಮಾವನದೂ ಅದೇ ಪಾಡು. ನನ್ನ ಗಮನವೆಲ್ಲ ಗಾಡಿಯ ಮೇಲೆ.

ಕೊಟ್ಟೂರಿನಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿಯವರೊಬ್ಬರು ನನಗೆ ಪರಿಚಯ. ಅವರ ಆಡುಗಳಿಗೆ ಲಸಿಕೆ ಹಾಕಿಸಿದ್ದೆ. ಅವರ ಹತ್ತಿರ ಮಲ್ಟಿಮೀಟರ್ ಎರವಲು ತಂದು ಬೋರ್ಡಿಗೆ ಹಿಡಿದೆ. ಹಗಲು ಇನ್ನೂರ ಇಪ್ಪತ್ತೈದು ವೋಲ್ಟು, ರಾತ್ರಿ ಎಂಟಕ್ಕೆ ನೂರಾ ಎಂಬತ್ತೆಂಟು. ಸಿಕ್ಕಿಬಿದ್ದ ಕಳ್ಳ ಎಂದು ಹಿಗ್ಗಿದೆ. ಸಂಜೆ ಎಲ್ಲರೂ ಒಮ್ಮೆಲೇ ಪಂಪು, ಟಿವಿ, ದೀಪ ಹಾಕುತ್ತಾರೆ, ವೋಲ್ಟೇಜು ಕುಸಿಯುತ್ತದೆ, ಚಾರ್ಜರ್ ಸೋಲುತ್ತದೆ. ಎಷ್ಟು ಸರಳ.

ಅಂಗಡಿಯವರು ಫೋನಿನಲ್ಲಿ ನನ್ನ ಹಿಗ್ಗಿಗೆ ನೀರು ಹಾಕಿದರು. "ಚಾರ್ಜರ್ ಮ್ಯಾಲೆ ಚೀಟಿ ಅಂಟಿಸಿರತಾರ, ಅದ್ರಾಗ ಎಷ್ಟು ವೋಲ್ಟಿನಿಂದ ಅಂತ ಬರೆದೈತಿ ನೋಡ್ರಿ." ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಇರುವೆ ಸಾಲಿನಂತೆ ಏನೇನೋ ಇತ್ತು. ನೂರಾ ಎಪ್ಪತ್ತು ಎಂಬ ಅಂಕಿ ಹುಡುಕಿ ಹೇಳಿದೆ. "ಹಂಗಾರ ಅದಕ್ಕ ನೂರಾ ಎಂಬತ್ತೆಂಟು ಸಾಕು, ಇದು ಲೈನಿನ ತಪ್ಪಲ್ರಿ ಅಕ್ಕಾರ. ಆದ್ರೂ ನಿಮ್ಮ ಸಮಾಧಾನಕ್ಕ ಒಂದು ಸ್ಟೆಬಿಲೈಜರ್ ಒಯ್ದು ನೋಡ್ರಿ" ಎಂದರು. ಅವರ ಮನೆಯ ಫ್ರಿಜ್ಜಿನ ಸ್ಟೆಬಿಲೈಜರ್ ತಂದು ನಡುವೆ ಹಾಕಿದೆ. ಮರುದಿನ ಬೆಳಿಗ್ಗೆ ನಲವತ್ತಾರು.

ಅಂದು ಸೋಮವಾರ, ನನಗೆ ಕೊಟ್ಟೂರು ಕಡೆಯ ಹಳ್ಳದ ದಂಡೆಯ ಹಟ್ಟಿಗೆ ಹೋಗುವುದಿತ್ತು. ಅಲ್ಲಿ ಒಬ್ಬ ಅಜ್ಜಿಯ ಮಂದೆ. ಗಂಡ ತೀರಿಕೊಂಡ ಮೇಲೂ ಕುರಿ ಮಾರದೆ ತಾನೇ ಕಾಯುವ ಗಟ್ಟಿ ಹೆಂಗಸು. ಪಕ್ಕದ ಊರಿಗೆ ಹಿರೇಬೇನೆ ಬಂದಿತ್ತು. ಮೂಗು ಸೋರಿ, ಬಾಯಿ ಹುಣ್ಣಾಗಿ, ಭೇದಿ ಕಿತ್ತುಕೊಂಡು ಕುರಿಗಳು ಸಾಲಾಗಿ ಹೋಗುವ ರೋಗ ಅದು. ಬಂದ ಮೇಲೆ ಲಸಿಕೆಯಿಂದ ಪ್ರಯೋಜನವಿಲ್ಲ, ಮೊದಲೇ ಹಾಕಬೇಕು. ಎಲ್ಲ ಕುರಿಗಳನ್ನೂ ಒಟ್ಟಿಗೆ ಹಿಡಿಯಬೇಕೆಂದರೆ ಮೇಯಲು ಬಿಡದೆ ದೊಡ್ಡಿಯಲ್ಲೇ ಕೂಡಿಡಬೇಕು. ಒಂಬತ್ತಕ್ಕೆಲ್ಲ ಬರುತ್ತೇನೆ ಎಂದು ಅಜ್ಜಿಗೆ ಹೇಳಿದ್ದೆ. ಡಾಕ್ಟರು ಬೇರೆ ಊರಿನಿಂದ ನೇರ ಅಲ್ಲಿಗೆ ಬರುವವರಿದ್ದರು.

ಆಸ್ಪತ್ರೆಗೆ ಹೋಗಿ ಐಸ್ ಡಬ್ಬಿ ತುಂಬಿಕೊಂಡೆ. ನಲವತ್ತಾರರಲ್ಲಿ ಹೋಗಿ ಮುಟ್ಟಬಹುದು ಎಂದು ಲೆಕ್ಕ ಹಾಕಿದ್ದೆ. ಲೆಕ್ಕದಲ್ಲಿ ಹಳ್ಳದ ಉಸುಕು ಸೇರಿರಲಿಲ್ಲ. ಉಸುಕಿನಲ್ಲಿ ಚಕ್ರ ಹೂತು, ಮೋಟರು ಮುಲುಗಿ, ಚಾರ್ಜಿನ ಅಂಕಿ ನೀರು ಸೋರಿದಂತೆ ಇಳಿಯಿತು. ಹಟ್ಟಿ ಇನ್ನೂ ಮೂರು ಕಿಲೋಮೀಟರ್ ಇರುವಾಗ ಗಾಡಿ ನಿಂತಿತು. ಅಲ್ಲಿ ಫೋನೂ ಸಿಗುವುದಿಲ್ಲ. ಸ್ವಲ್ಪ ದೂರ ತಳ್ಳಿದೆ. ಆಮೇಲೆ ಗಾಡಿಯನ್ನು ಜಾಲಿ ಗಿಡದ ಬುಡಕ್ಕೆ ಬಿಟ್ಟು, ಡಬ್ಬಿಯನ್ನು ತಲೆಯ ಮೇಲೆ ಹೊತ್ತು ನಡೆದೆ. ಡಬ್ಬಿಯ ಮುಚ್ಚಳ ಬೇರೆ ಸರಿಯಾಗಿ ಕೂತಿರಲಿಲ್ಲ, ಕರಗಿದ ಐಸಿನ ನೀರು ಕಿವಿಯ ಮೇಲೆ ಇಳಿಯುತ್ತಿತ್ತು.

ಹಟ್ಟಿ ಮುಟ್ಟಿದಾಗ ಹನ್ನೆರಡು ದಾಟಿತ್ತು. ದೊಡ್ಡಿ ಖಾಲಿ. ಅಜ್ಜಿ ಕಲ್ಲಿನ ಮೇಲೆ ಕೂತಿದ್ದಳು.

"ನಿನ್ನ ಗಾಡಿ ನಂಬಿ ಕುರಿನ ಉಪಾಸ ಕೆಡವಿದ್ನೆವ್ವಾ. ಮರಿ ಒದರಾಕ ಹತ್ತಿದ್ವು. ಇನ್ನೆಷ್ಟೊತ್ತು ಕಾಯಲಿ, ಬಿಟ್ಟುಬಿಟ್ಟೆ" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಡಾಕ್ಟರು ಡಬ್ಬಿ ತೆರೆದು ನೋಡಿದರು. ಐಸೆಲ್ಲ ನೀರಾಗಿತ್ತು. ಸೀಸೆಯನ್ನು ಅಂಗೈಯಲ್ಲಿ ಹಿಡಿದು ನೋಡಿ ಪಕ್ಕಕ್ಕಿಟ್ಟರು. "ಇದನ್ನ ಹಾಕೋಕೆ ಬರಲ್ಲಮ್ಮ. ಬರೋ ಸೋಮವಾರ ಮತ್ತೆ ಬರೋಣ. ಗಾಡಿ ಮೇಲೆ ಭರವಸೆ ಇಲ್ಲ ಅಂದ್ರೆ ಈಗಲೇ ಹೇಳಿಬಿಡು, ಡಬ್ಬಿ ಬೇರೆಯವರ ಕೈಗೆ ಕೊಡ್ತೀನಿ. ತಪ್ಪು ತಿಳ್ಕೋಬೇಡ. ರೋಗ ನಮಗೆ ಕಾಯೋದಿಲ್ಲ."

"ತರತೀನ್ರಿ ಸಾರ್" ಎಂದೆ. ಯಾವ ಧೈರ್ಯದ ಮೇಲೆ ಹೇಳಿದೆನೋ ಗೊತ್ತಿಲ್ಲ. ಅಂದು ಗಾಡಿಯನ್ನು ಮನೆಗೆ ತಂದದ್ದು ಉಳ್ಳಾಗಡ್ಡಿ ಹೇರಿದ ಟಂಟಂ ಆಟೋದಲ್ಲಿ.

ಮೆಕ್ಯಾನಿಕ್‌ಗೆ ಫೋನು ಮಾಡಿದರೆ, "ಬ್ಯಾಟರಿ ಒಳಗಿನ ಸೆಲ್ಲು ಹೋಗಿರಬೇಕ್ರಿ. ಗಾಡಿ ತಂದು ಬಿಟ್ಟು ಹೋಗ್ರಿ, ಬಿಚ್ಚಿ ನೋಡಬೇಕು. ಒಂದು ಹತ್ತು ದಿನ ಆಕ್ಕೈತಿ" ಎಂದ. ಹತ್ತು ದಿನವೆಂದರೆ ಸೋಮವಾರ ಕೈ ಬಿಟ್ಟಂತೆ. ಅವನು ಹೇಳಿದ್ದು ಸರಿಯೇ ಇರಬಹುದು. ನನಗೆ ಅಳು ಬರುವಂತಾಗಿತ್ತು. ಆದರೂ ಗಾಡಿ ಬಿಡಲು ಮನಸ್ಸಾಗಲಿಲ್ಲ. ಕುರಿ ಮಂಕಾದರೆ ನಾವು ಮೊದಲು ಮಾಡುವುದು ಅದನ್ನು ಮಂದೆಯಿಂದ ಬೇರೆ ಕಟ್ಟುವುದು. ಬೇರೆ ಕಡೆ ಮೇವು ತಿಂದರೆ ರೋಗ ಅದರದ್ದಲ್ಲ, ಜಾಗದ್ದು. ಗಾಡಿಗೂ ಹಾಗೇ ಮಾಡಿ ನೋಡೋಣ, ಇಷ್ಟು ದಿನ ಕೈಗೆ ಸಿಕ್ಕಿದ್ದನ್ನೆಲ್ಲ ಒಟ್ಟೊಟ್ಟಿಗೆ ಬದಲಾಯಿಸಿದ್ದು ಸಾಕು, ಇನ್ನು ಒಂದು ಸಲಕ್ಕೆ ಒಂದೇ ಎಂದು ನಿಶ್ಚಯಿಸಿದೆ. ಲಸಿಕೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು, ಎಲ್ಲಿ, ಯಾವ ಹೊತ್ತು, ಎಷ್ಟು ತುಂಬಿತು ಎಂದು ಬರೆಯತೊಡಗಿದೆ.

ಮಂಗಳವಾರ ಆಸ್ಪತ್ರೆಯಲ್ಲಿ ಹಗಲು ಚಾರ್ಜಿಗೆ ಹಾಕಿದೆ, ಅದೇ ಚಾರ್ಜರಿನಿಂದ. ಮೂರೂವರೆ ಗಂಟೆಯೊಳಗೆ ಹಸಿರು ದೀಪ. ಹಾಗಾದರೆ ಬ್ಯಾಟರಿ ಸರಿ ಇದೆ, ಚಾರ್ಜರೂ ಸರಿ ಇದೆ. ತಪ್ಪು ಮನೆಯದು. ಬುಧವಾರ ಕೆಲಸವಿರಲಿಲ್ಲ, ಮನೆಯಲ್ಲೇ ಹಗಲು ಹಾಕಿದೆ. ಅದೇ ಬೋರ್ಡು, ಅದೇ ಕಟ್ಟೆ. ಮಧ್ಯಾಹ್ನದ ಊಟಕ್ಕೆ ಮುಂಚೆ ಹಸಿರು ದೀಪ. ಹಾಗಾದರೆ ಮನೆಯೂ ಸರಿ ಇದೆ. ಗುರುವಾರ, ಶುಕ್ರವಾರ, ಶನಿವಾರ ಮೂರು ದಿನ ರಾತ್ರಿ ಹಾಕಿದೆ: ಐವತ್ತಾರು, ಅರವತ್ತು, ನಲವತ್ತೊಂಬತ್ತು. ಪುಸ್ತಕ ನೋಡುತ್ತಾ ಕೂತರೆ ತಲೆ ತಿರುಗುತ್ತಿತ್ತು. ಎಲ್ಲವೂ ಸರಿ ಇದೆ, ಗಾಡಿ ಮಾತ್ರ ತುಂಬುವುದಿಲ್ಲ. ಹಗಲಿಗೆ ಒಂದು ಗಾಡಿ, ರಾತ್ರಿಗೆ ಒಂದು ಗಾಡಿ ಇದ್ದಂತೆ.

ಭಾನುವಾರ ಹಗಲು ತುಂಬಿಸಿಕೊಂಡು ಸೋಮವಾರ ಹೋಗಿಬಿಡೋಣ, ಕಾರಣ ಆಮೇಲೆ ಹುಡುಕೋಣ ಎಂದುಕೊಂಡೆ. ಭಾನುವಾರ ಬೆಳಿಗ್ಗೆ ಎಂಟಕ್ಕೇ ಕರೆಂಟು ಹೋಯಿತು. ಲೈನಿನ ಕೆಲಸವಂತೆ, ಸಂಜೆಗೆ ಬರುತ್ತದಂತೆ. ಅಂದರೆ ಮತ್ತೆ ಆ ರಾತ್ರಿಯನ್ನೇ ನಂಬಬೇಕು. ಕಟ್ಟೆಯ ಮೇಲೆ ಗಾಡಿ ನೋಡುತ್ತಾ ಸುಮ್ಮನೆ ಕೂತೆ. ಕೂತು ಕೂತು ಬೇಸರವಾಗಿ, ಕರೆಂಟಿಲ್ಲದ ಹೊತ್ತು ಶಾಕಿನ ಹೆದರಿಕೆಯೂ ಕಡಿಮೆ, ಧೂಳಾದರೂ ಒರೆಸೋಣ ಎಂದು ಶುಚಿ ಮಾಡತೊಡಗಿದೆ. ಟೈರಿನ ಗಾಳಿ ನೋಡಿದೆ, ಬ್ರೇಕಿನ ಸಂದಿಯ ಮಣ್ಣು ಕೆರೆದೆ. ಚಾರ್ಜರಿನ ಪಿನ್ನು ಕಿತ್ತು ಮಡಿಲಲ್ಲಿಟ್ಟುಕೊಂಡೆ. ಅದನ್ನು ಬಿಚ್ಚಬೇಡಿ, ಪಿನ್ನು ಕಿತ್ತ ಮೇಲೂ ಒಳಗೆ ಕರೆಂಟು ಉಳಿದಿರುತ್ತದೆ ಎಂದು ಮೆಕ್ಯಾನಿಕ್ ಹೆದರಿಸಿದ್ದ. ಹಾಗಾಗಿ ಸುಣ್ಣ ಬಳಿಯುವ ಸಣ್ಣ ಬ್ರಷ್ಷಿನಿಂದ ಹೊರಗಡೆಯಷ್ಟೇ ಒರೆಸಿದೆ. ಫ್ಯಾನಿನ ಮುಂದಿರುವ ಜಾಲರಿಯಲ್ಲಿ ಏನೋ ಕಪ್ಪಗೆ ಸಿಕ್ಕಿಕೊಂಡಿತ್ತು.

ನಮ್ಮ ಮನೆಯಲ್ಲಿ ಮುಳ್ಳು ತೆಗೆಯುವ ಚಿಮಟ ಎಲ್ಲ ಗೂಟಕ್ಕೂ ನೇತಾಡುತ್ತಿರುತ್ತದೆ. ಒಂದನ್ನು ತಂದು ಹುಷಾರಾಗಿ ಎಳೆದೆ. ಉಣ್ಣೆ. ಕುರಿ ಮನೆಯಲ್ಲಿ ಉಣ್ಣೆ ಹಾರಿ ಬರುವುದು ಏನು ದೊಡ್ಡದು ಎಂದು ಬಿಸಾಡುವವಳಿದ್ದೆ. ಬೆರಳಿಗೆ ಅದು ಬೇರೆ ಥರ ತಾಕಿತು. ಕುರಿಯ ಮೈಯಿಂದ ಬಿದ್ದ ಉಣ್ಣೆ ಮೆತ್ತಗೆ, ಜಿಡ್ಡಾಗಿರುತ್ತದೆ. ಇದು ಹುರಿ ಹಾಕಿದ ದಾರ, ಒರಟು, ಬಿರುಸು. ನೇಯ್ದ ಕಂಬಳಿಗೆ ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ. ಆ ಗಂಜಿಯ ಬಿರುಸು ಅದು. ಇನ್ನೂ ಎರಡು ದಾರ ಎಳೆದೆ. ಇದು ಗಾಳಿಗೆ ಹಾರಿ ಬಂದದ್ದಲ್ಲ. ಕಂಬಳಿಯೇ ಚಾರ್ಜರಿನ ತನಕ ಬಂದಿದೆ.

ಆಗ ಚೀಟಿಯನ್ನು ಮತ್ತೊಮ್ಮೆ ಓದಿದೆ. ಹಿಂದೆ ವೋಲ್ಟಿನ ಅಂಕಿ ಸಿಕ್ಕ ಕೂಡಲೇ ಓದು ನಿಲ್ಲಿಸಿದ್ದೆ. ಅದರ ಕೆಳಗಿನ ಸಾಲಿನಲ್ಲೇ ಇತ್ತು: ಗಾಳಿಯಾಡುವಲ್ಲಿ ಇಡಿ, ಮುಚ್ಚಬೇಡಿ.

ಸಂಜೆ ಮಾವ ಬಂದರು. ಕಂಬಳಿ ಹೆಗಲ ಮೇಲಿತ್ತು. ಕೈಕಾಲು ತೊಳೆದು ಕೂತ ಮೇಲೆ ದಾರಗಳನ್ನು ಅವರ ಮುಂದಿಟ್ಟೆ.

"ಇದು ನನ್ನ ಕಂಬಳಿದು. ಎಲ್ಲಿ ಸಿಕ್ತವ್ವಾ?" ನೋಡಿದ ಕೂಡಲೇ ಹೇಳಿದರು.

"ಚಾರ್ಜರಿನ ಜಾಲರ್ಯಾಗ್ರಿ."

ಮಾವ ದಾರವನ್ನು ಬೆರಳ ನಡುವೆ ಹೊಸೆದರು. "ಹಂಗಾರ ಹೊಚ್ಚಿದಾಗ ಸಿಕ್ಕಂಡಿರಬೇಕು."

"ಏನು ಹೊಚ್ಚಿದಾಗ?"

"ಅದಕ್ಕ. ಚಳಿಗೆ ಸೊರಗತೈತಿ ಅಂತ ನೀನ ಹೇಳಿದ್ಯಲ್ಲ. ಕಣ್ಣಿಡು ಅಂದಿ. ನೋಡಿದ್ರ ಪಾಪ ಗುರ್ ಅಂತ ನಡುಗತಿತ್ತು. ಮಲಗಾಗ ಹೊಚ್ಚತಿದ್ದೆ, ನಸುಕಿನ್ಯಾಗ ಹೋಗಾಗ ತಗಂಡು ಹೋಗತಿದ್ದೆ."

ನನಗೆ ನಗು ಬಂತೋ ಸಿಟ್ಟು ಬಂತೋ ಹೇಳಲಾರೆ. "ಯಾರರ ಮುಟ್ಟತಾರೇನು ಅಂತ ನಾ ಕೇಳಿದ್ನಲ್ರೀ ಮಾವಾರ" ಎಂದೆ.

"ಗಾಡಿ ಕೇಳಿದಿ. ಗಾಡಿ ನಾ ಯಾಕ ಮುಟ್ಟಲಿ. ನಾ ಹೊಚ್ಚಿದ್ದು ಡಬ್ಬಿಗೆ."

ಡಬ್ಬಿಯನ್ನು ಅವರ ಕೈಗೆ ಕೊಟ್ಟು ತೋರಿಸಿದೆ. ಒಳಗೆ ಫ್ಯಾನಿದೆ, ಗುರ್ ಎನ್ನುವುದು ಅದು. ಈ ತೂತುಗಳಿಂದ ತಣ್ಣನೆ ಗಾಳಿ ಒಳಗೆ ಎಳೆದುಕೊಂಡು ಬಿಸಿ ಗಾಳಿ ಹೊರಗೆ ಬಿಡುತ್ತದೆ. ಮುಚ್ಚಿದರೆ ಒಳಗೇ ಕುದಿಯುತ್ತದೆ, ಸುಟ್ಟು ಹೋಗಬಾರದೆಂದು ತಾನೇ ಕೆಲಸ ನಿಲ್ಲಿಸುತ್ತದೆ. ನಸುಕಿನಲ್ಲಿ ನೀವು ಕಂಬಳಿ ಒಯ್ದ ಮೇಲೆ ಆರಿ, ಮತ್ತೆ ಶುರು ಮಾಡುತ್ತದೆ. ನಾನು ಎದ್ದು ನೋಡುವ ಹೊತ್ತಿಗೆ ಎಲ್ಲ ಸರಿಯಾಗಿರುತ್ತದೆ. ಬೆಂಕಿ ಹತ್ತದಿದ್ದದ್ದೇ ನಮ್ಮ ಪುಣ್ಯ ಎಂದೆ.

ಮಾವ ಡಬ್ಬಿಯನ್ನು ಮಗುಚಿ ಮಗುಚಿ ನೋಡಿದರು. ತೂತುಗಳ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು.

"ಆಗಷ್ಟ ಹುಟ್ಟಿದ ಮರಿಗೆ ಹೊಚ್ಚಬೇಕಾದ್ರ ನಾ ಮೂಗು ಬಿಟ್ಟು ಹೊಚ್ಚತೀನಿ" ಎಂದರು ಕೊನೆಗೆ. "ಇದಕ್ಕೂ ಒಂದು ಮೂಗೈತಿ ಅಂತ ನನಗ ಯಾರರ ಹೇಳಬೇಕಿಲ್ಲೇನು?"

ಅವರು ಹೇಳಿದ್ದು ಸರಿ. ಚಳಿಯ ಮಾತು ಹೇಳಿದವಳು ನಾನೇ, ಮೂಗಿನ ಮಾತು ಹೇಳದವಳೂ ನಾನೇ. ಹದಿನೇಳು ದಿನ ಇಲಿ, ಲೈನು, ಬೋರ್ಡು ಎಂದು ಊರೆಲ್ಲ ಅನುಮಾನಿಸಿದೆ. ಹೊರಗೆ ಮಲಗುವ ಮನುಷ್ಯ ರಾತ್ರಿ ಏನು ಮಾಡುತ್ತಾನೆ ಎಂದು ಒಂದು ಸಲವೂ ಕೇಳಲಿಲ್ಲ.

ಕರೆಂಟು ಬಂದಾಗ ಮಾವನೇ ಎದ್ದು ಹೋಗಿ ಮರಿ ಮುಚ್ಚುವ ಬುಟ್ಟಿ ತಂದರು. ಬೋರಲು ಹಾಕಿ ಅದರ ಮೇಲೆ ಚಾರ್ಜರ್ ಇಟ್ಟು, ತೂತುಗಳು ಯಾವುದಕ್ಕೂ ತಾಕದಂತೆ ಎರಡು ಸಲ ತಿರುಗಿಸಿ ನೋಡಿದರು. ಬೆಳಿಗ್ಗೆ ನಾನು ಏಳುವಾಗ ಅವರು ಹೋಗಿಯಾಗಿತ್ತು. ಬುಟ್ಟಿಯ ಮೇಲೆ ಹಸಿರು ದೀಪ ಉರಿಯುತ್ತಿತ್ತು. ಕೀಲಿ ತಿರುಗಿಸಿದೆ, ನೂರು.

ಒಂಬತ್ತಕ್ಕೆ ಇನ್ನೂ ಸಮಯವಿರುವಾಗಲೇ ಹಟ್ಟಿಯಲ್ಲಿದ್ದೆ. ಡಬ್ಬಿಯಲ್ಲಿ ಐಸು ಗಟ್ಟಿಯಾಗಿತ್ತು. ಡಾಕ್ಟರು ಸೀಸೆ ನೋಡಿ ಸಿರಿಂಜು ತೆಗೆದರು. ಅಜ್ಜಿ ಒಂದೊಂದೇ ಕುರಿ ಹಿಡಿದು ಕೊಟ್ಟಳು, ನಾನು ಬೆನ್ನಿಗೆ ಬಣ್ಣ ಹಚ್ಚಿದೆ. ಬಿಸಿಲು ಇನ್ನೂ ಏರಿರಲಿಲ್ಲ. ಕುರಿ ಹಿಡಿಯಲು ಅಡ್ಡವೆಂದು ಅಜ್ಜಿ ಕಂಬಳಿ ತೆಗೆದು ಬೇಲಿಯ ಮೇಲೆ ಹಾಕಿದ್ದಳು. ಕೆಲಸ ಮುಗಿದದ್ದೇ ಓಡಿ ಹೋಗಿ ಹೊದ್ದುಕೊಂಡಳು.

"ಇದಿಲ್ದ ಒಂದು ಗಳಿಗಿ ಇರಾಕಾಗಂಗಿಲ್ಲವ್ವಾ ಈ ಚಳ್ಯಾಗ" ಎಂದಳು.

ನಾನು ಬಣ್ಣದ ಡಬ್ಬಿಯ ಮುಚ್ಚಳ ಹಾಕುತ್ತಿದ್ದವಳು ಹಾಗೇ ನಿಂತೆ. ಮಾವನಿಗೆ ಇರುವುದು ಒಂದೇ ಕಂಬಳಿ. ಹಳೆ ಬಟ್ಟೆ ಹೊಲಿದ ಕೌದಿ ಕೊಟ್ಟರೆ ಮುಟ್ಟುವವರಲ್ಲ.

ಮನೆಗೆ ಬಂದು ಅವರ ದಾರಿ ಕಾದೆ. ಸಂಜೆ ಕೆಮ್ಮುತ್ತಾ ಬಂದರು. ಬಂದವರೇ, "ಮುಟ್ಟಿತೇನು ಗಾಡಿ?" ಎಂದು ಕೇಳಿದರು.

"ಮುಟ್ಟಿತ್ರಿ. ಎಲ್ಲ ಕುರಿಗೂ ಆತು. ಮಾವಾರ, ಇಷ್ಟು ದಿನ ರಾತ್ರಿ ನೀವು ಏನು ಹೊಚ್ಚಿಕಂಡ್ರಿ?"

ಮಾವ ಕಂಬಳಿ ಮಡಚಿ ಕಟ್ಟೆಯ ಮೇಲಿಟ್ಟರು. ಎಲೆಯಡಿಕೆಯ ಚೀಲ ಹುಡುಕಿದರು. ಅದು ಸೊಂಟದಲ್ಲೇ ಇತ್ತು.

"ನಂದೇನು ಬಿಡವ್ವಾ. ಮುಂಜಾನಿ ಎದ್ದು ಊರೂರು ತಿರುಗಾಕಿ ನೀನು. ನಿಂದು ದಾರ್ಯಾಗ ನಿಲ್ಲಬಾರದು."

ನಾನು ಒಳಗೆ ಹೋಗಿ ಕಷಾಯಕ್ಕೆ ಮೆಣಸು ಕುಟ್ಟಿದೆ. ಆಮೇಲೆ ಕಟ್ಟೆಗೆ ಬಂದು, ಗಾಡಿಯನ್ನು ಇನ್ನೊಂದು ಬೋರ್ಡಿನ ಕಡೆ ತಳ್ಳಿ, ಚಾರ್ಜರನ್ನು ಬುಟ್ಟಿ ಸಮೇತ ಅವರ ತಲೆದಿಂಬಿನಿಂದ ದೂರ, ಆ ತುದಿಗೆ ಸರಿಸಿಟ್ಟೆ.